ಅಂಜುವ ಹಾವು ಮತ್ತು ನಾಲ್ಕು ದಾನಗಳು

ಜೀವದಯೆಯ ಮಾತು ಬಂದಾಗ ನಮ್ಮ ಕಣ್ಣ ಮುಂದೆ ಸುಳಿಯುವುದು ಸಾಮಾನ್ಯವಾಗಿ ಹಸು, ಕರು, ಪಾರಿವಾಳ, ಹೆಚ್ಚೆಂದರೆ ಇರುವೆ. ಇವುಗಳಿಗೆ ಹುಲ್ಲು, ಕಾಳು, ಸಕ್ಕರೆ ಹಾಕಿದರೆ ದಯೆಯೂ ಸಲ್ಲುತ್ತದೆ, ವ್ರತಕ್ಕೂ ಭಂಗ ಬರುವುದಿಲ್ಲ. ಆದರೆ ದಯೆಗೆ ಪಾತ್ರವಾದ ಜೀವಿಯೇ ಇನ್ನೊಂದು ಜೀವಿಯನ್ನು ತಿಂದು ಬದುಕುವಂಥದ್ದಾದರೆ ಶ್ರಾವಕನು ಏನು ಮಾಡಬೇಕು? ಶಾಸ್ತ್ರಸಭೆಯಲ್ಲಿ ಈ ಪ್ರಶ್ನೆ ಎದ್ದಿದ್ದರೆ ವಾದವನ್ನು ಆಲಿಸಿ ಮನೆಗೆ ಬರಬಹುದಿತ್ತು. ನಮ್ಮ ಪಾಲಿಗೆ ಅದು ಮನೆಗೇ ಬಂದು ಕುಳಿತಿದೆ.

ನನ್ನದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಚಿಕ್ಕದೊಂದು ಜಾಬ್‌ವರ್ಕ್ ಶೆಡ್. ವಾಸದ ಮನೆ ಅದರ ಹಿಂದಿನ ಬೀದಿಯಲ್ಲಿ. ತಂಗಿಯ ಮಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಇಂಜಿನಿಯರ್. ಎರಡು ವರ್ಷಗಳ ಹಿಂದೆ ಕೆಲಸದ ಮೇಲೆ ಅವನು ಜರ್ಮನಿಗೆ ಹೋಗಬೇಕಾಯಿತು. ಹೊರಡುವ ವಾರ ಒಂದು ಗಾಜಿನ ಪೆಟ್ಟಿಗೆಯನ್ನು ತಂದಿರಿಸಿ, “ಮಾವ, ನಿಮ್ಮನ್ನು ಬಿಟ್ಟರೆ ಇದನ್ನು ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ” ಎಂದ. ಒಳಗೆ ಕಿತ್ತಳೆ ಬಣ್ಣದ, ಮೈಮೇಲೆ ಕೆಂಪು ಮಚ್ಚೆಗಳ ಒಂದು ಹಾವು ಸುರುಳಿ ಸುತ್ತಿಕೊಂಡು, ಬಾಲದ ತುದಿಯನ್ನು ಕಾಗದಕ್ಕೆ ಬಡಿಯುತ್ತ ನಡುಗುತ್ತಿತ್ತು.

ಕಾರ್ನ್ ಸ್ನೇಕ್ ಎಂದು ಕರೆಯಲ್ಪಡುವ ಇದು ಅಮೆರಿಕದ ಆಗ್ನೇಯ ರಾಜ್ಯಗಳ ಹಾವು. ಮೆಕ್ಕೆಜೋಳದ ಕಣಜಗಳಲ್ಲಿ ಇಲಿ ಹಿಡಿಯಲು ಸುಳಿಯುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಕೆಲವರೂ, ಹೊಟ್ಟೆಯ ಮೇಲಿನ ಚೌಕಗಳು ಬಣ್ಣದ ಜೋಳದ ಕಾಳುಗಳನ್ನು ಹೋಲುವುದರಿಂದ ಎಂದು ಕೆಲವರೂ ಹೇಳುತ್ತಾರೆ. ವಿಷವಿಲ್ಲ. ನಮ್ಮ ಕೇರೆಹಾವಿನ ದೂರದ ಬಂಧು. 3ರಿಂದ 5 ಅಡಿ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬದುಕಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ನಾಗರ, ಕೇರೆ ಮೊದಲಾದ ಹಾವುಗಳನ್ನು ಹಿಡಿದು ಸಾಕುವಂತಿಲ್ಲ. ನಗರದ ಯುವಕರ ಕಣ್ಣು ವಿದೇಶದ ಹಾವುಗಳ ಮೇಲೆ ಬೀಳಲು ಇದೂ ಒಂದು ಕಾರಣ.

ವಿಷಯ ತಿಳಿದ ಹಿತೈಷಿಗಳು ಒಂದೇ ಸಲಹೆ ಕೊಟ್ಟರು: “ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬಿಟ್ಟುಬಿಡಿ, ಪುಣ್ಯ ಬರುತ್ತದೆ.” ಬಿಡುಗಡೆ ಎಂಬ ಮಾತು ಕಿವಿಗೆ ಇಂಪಾಗಿದೆ. ಆದರೆ ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಈ ಜೀವಿಗೆ ಆ ಬಯಲು ಎಂದೂ ಮನೆಯಾಗಿರಲಿಲ್ಲ. ಒಂದು ವೇಳೆ ಬದುಕಿಕೊಂಡರೆ ಕೇಡು ಇನ್ನೂ ಹೆಚ್ಚು. ಸಾಕಿದ ಹಾವುಗಳ ರೋಗಾಣುಗಳು ಅಲ್ಲಿನ ಹಾವುಗಳಿಗೆ ಅಂಟಬಹುದು. ಕೆರಿಬಿಯನ್ ದ್ವೀಪಗಳಲ್ಲಿ ಹೊರಗಿನಿಂದ ಬಂದ ಇದೇ ಜಾತಿಯ ಹಾವು ನೆಲೆಯೂರಿದ ನಿದರ್ಶನಗಳಿವೆ. ನಮ್ಮ ಕಣ್ಣಿಂದ ಮರೆಯಾಗುವಂತೆ ಮಾಡುವುದು ಅಭಯದಾನವಲ್ಲ. ನಮ್ಮ ಹೊಣೆಯನ್ನು ಬಯಲಿಗೆ ಚೆಲ್ಲಿದಂತೆ. ಆದುದರಿಂದ ಹಾವು ಉಳಿಯಿತು. ನಮ್ಮ ಪರಂಪರೆ ಹೇಳುವ ಅಭಯ, ಔಷಧ, ಆಹಾರ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಂದು ಹಾವಿಗೆ ಸಲ್ಲಿಸುವುದು ಹೇಗೆಂದು ಕಲಿಯಬೇಕಾಯಿತು.

ಮೊದಲನೆಯದು ಅಭಯ. ಸಂಸಾರಿ ಜೀವಗಳಿಗೆಲ್ಲ ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳಿವೆ ಎಂದು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಭಯಸಂಜ್ಞೆ ಎಂದರೇನೆಂದು ಕಣ್ಣಾರೆ ಕಂಡದ್ದು ಈ ಹಾವಿನಲ್ಲಿ. ನೀರಿನ ಬಟ್ಟಲು ಬದಲಿಸಲು ಕೈ ಹಾಕಿದರೂ ಅದು ಹಿಂದಕ್ಕೆ ಸರಿದು ಕತ್ತನ್ನು ‘ಎಸ್’ ಅಕ್ಷರದಂತೆ ಬಾಗಿಸುತ್ತಿತ್ತು. ಹಗಲು ಹತ್ತು ಗಂಟೆಯಾದರೆ ಸಾಕು, ಇನ್ನಷ್ಟು ಚಡಪಡಿಸುತ್ತಿತ್ತು. ಕಾರಣ ನಮ್ಮ ಬೀದಿಯಲ್ಲೇ ಇತ್ತು. ಹಾವಿಗೆ ಹೊರಕಿವಿ ಇಲ್ಲ. ನೆಲದ ಅದುರು ಅದರ ಕೆಳದವಡೆಯ ಮೂಲಕ ಒಳಕಿವಿಯನ್ನು ಮುಟ್ಟುತ್ತದೆ. ಪೀಣ್ಯದಲ್ಲಿ ಪವರ್ ಪ್ರೆಸ್‌ಗಳು ಹೊಡೆತ ಆರಂಭಿಸಿದರೆ ನಮಗೆ ಅದು ಅಭ್ಯಾಸವಾದ ಸದ್ದು. ನೆಲಕ್ಕೆ ಮೈಯೊಡ್ಡಿ ಮಲಗಿದ ಹಾವಿಗೆ ಪ್ರತಿ ಹೊಡೆತವೂ ಯಾರೋ ಹತ್ತಿರ ಬರುತ್ತಿರುವ ಸೂಚನೆ. ಯಂತ್ರದ ಕಾಲುಗಳಿಗೆ ಹಾಕುವ ದಪ್ಪ ರಬ್ಬರ್ ಪ್ಯಾಡ್‌ಗಳನ್ನು ಶೆಡ್ಡಿನಿಂದ ತಂದು ಪೆಟ್ಟಿಗೆಯ ಕೆಳಗಿಟ್ಟೆ. ಹಿಂದಿನ ಕೋಣೆಗೆ ಅದನ್ನು ಸಾಗಿಸಿ, ಮೂರು ಬದಿಗೆ ಬಟ್ಟೆ ಮುಚ್ಚಿ, ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು ಒಡಕು ಮಡಕೆಯನ್ನು ಕವುಚಿಟ್ಟೆ. ಮನೆಗೆ ಬರುವ ಮಕ್ಕಳಿಗೆ, ಮುಟ್ಟುವಂತಿಲ್ಲ, ಗಾಜು ತಟ್ಟುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ಎತ್ತಿ ಮುದ್ದಿಸುವುದರಲ್ಲಿ ಪ್ರೀತಿಯಿದೆ ಎಂಬುದು ಮನುಷ್ಯನ ಎಣಿಕೆ. ಅಂಜುವ ಹಾವಿಗೆ ಪ್ರೀತಿಯೆಂದರೆ ಅದನ್ನು ಅದರ ಪಾಡಿಗೆ ಬಿಡುವುದು.

ಎರಡನೆಯದು ಔಷಧ. ಮೊದಲ ಚಳಿಗಾಲದಲ್ಲೇ ಹಾವು ತಲೆಯನ್ನು ಮೇಲಕ್ಕೆತ್ತಿ, ಬಾಯಿ ತುಸು ತೆರೆದು ಉಸಿರಾಡತೊಡಗಿತು. ಮೂಗಿನ ಬಳಿ ಗುಳ್ಳೆಗಳು ಕಂಡವು. ಸರೀಸೃಪಗಳನ್ನು ನೋಡಬಲ್ಲ ಪಶುವೈದ್ಯರು ಪರೀಕ್ಷಿಸಿ, ಶ್ವಾಸಕೋಶದ ಸೋಂಕು ಎಂದರು. ಇಂಥ ಹಾವಿನಲ್ಲಿ ಎಡ ಶ್ವಾಸಕೋಶ ಹೆಸರಿಗೆ ಮಾತ್ರ. ಬದುಕೆಲ್ಲ ಬಲದ್ದರ ಮೇಲೆ. ನಮಗಿರುವಂಥ ವಪೆ ಅದಕ್ಕಿಲ್ಲವಾದ್ದರಿಂದ ಕೆಮ್ಮಿ ಕಫ ಹೊರಹಾಕಲೂ ಬಾರದು. ಡಿಸೆಂಬರ್, ಜನವರಿಯ ರಾತ್ರಿ ಬೆಂಗಳೂರಿನ ಉಷ್ಣಾಂಶ 15–16 ಡಿಗ್ರಿಗೆ ಇಳಿಯುತ್ತದೆ. ಈ ಹಾವಿಗೆ ಬೆಚ್ಚಗಿನ ಮೂಲೆಯಲ್ಲಿ 28ರಿಂದ 30 ಡಿಗ್ರಿ ಬೇಕು. ಶೀತರಕ್ತದ ಪ್ರಾಣಿಗೆ ಹೊರಗಿನ ಬಿಸಿಯೇ ಜೀರ್ಣಶಕ್ತಿ, ಅದೇ ರೋಗನಿರೋಧಕ ಶಕ್ತಿ. ಮೈ ತಣ್ಣಗಿದ್ದರೆ ಔಷಧವೂ ಸರಿಯಾಗಿ ಕೆಲಸ ಮಾಡದು. ಮೂರು ದಿನಕ್ಕೊಂದು ಚುಚ್ಚುಮದ್ದು, ಅದೂ ದೇಹದ ಮುಂಭಾಗದಲ್ಲೇ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡಗಳ ಮೂಲಕ ಹಾಯುವುದರಿಂದ ಔಷಧ ವ್ಯರ್ಥವಾಗಬಹುದೆಂದು ವೈದ್ಯರು ವಿವರಿಸಿದರು. ವಿದ್ಯುತ್ ಹೋದರೆ ಬಿಸಿಹಾಸು ಆರದಂತೆ ಶೆಡ್ಡಿನ ಹಳೆಯ ಯುಪಿಎಸ್ ಜೋಡಿಸಿದೆವು.

ಅದೇ ಬೇಸಿಗೆಯಲ್ಲಿ ಪೊರೆ ಪೂರ್ತಿ ಕಳಚದೆ ಬಾಲದ ತುದಿಯಲ್ಲೂ ಒಂದು ಕಣ್ಣಿನ ಮೇಲೂ ಉಳಿಯಿತು. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವುದು ಒಂದು ಪಾರದರ್ಶಕ ಪೊರೆ. ಪೊರೆ ಬಿಡುವ ದಿನಗಳಲ್ಲಿ ಕಣ್ಣು ಹಾಲುನೀಲಿಯಾಗಿ ದೃಷ್ಟಿ ಮಬ್ಬಾಗುತ್ತದೆ, ಅಂಜಿಕೆ ಇಮ್ಮಡಿಯಾಗುತ್ತದೆ. ಬೆರಳಿನಿಂದ ಕಿತ್ತರೆ ಕಣ್ಣೇ ಹೋದೀತು. ಒದ್ದೆ ಪಾಚಿಯ ಡಬ್ಬಿಯೊಂದನ್ನು ಒಳಗಿಟ್ಟು ಕಾದೆವು. ಬಾಲದ ಪೊರೆ ಮೊದಲು ಬಂತು. ಕಣ್ಣಿನದು ಮುಂದಿನ ಸಲ ಪೊರೆ ಬಿಡುವಾಗ ತಾನಾಗಿ ಕಳಚಿತು. ಸೇವೆಯ ಬಹುಭಾಗ ಕಾಯುವುದೇ ಎಂದು ಆ ವಾರಗಳು ಕಲಿಸಿದವು.

ಮೂರನೆಯದು ಆಹಾರ. ಕಠಿಣವಾದದ್ದೂ ಇದೇ. ಹಾಲೆರೆಯಿರಿ ಎಂದರು ಒಬ್ಬರು. ಬಾಳೆಹಣ್ಣು ಕೊಟ್ಟು ನೋಡಿ ಎಂದರು ಇನ್ನೊಬ್ಬರು. ಹಾವಿಗೆ ಹಾಲು ಆಹಾರವಲ್ಲ. ಬಲವಂತದಿಂದ ಕುಡಿಸಿದರೆ ಶ್ವಾಸನಾಳಕ್ಕೆ ಇಳಿಯಬಹುದು. ಸಸ್ಯಾಹಾರವನ್ನು ಅರಗಿಸಿಕೊಳ್ಳುವ ದೇಹ ಅದಕ್ಕಿಲ್ಲ. ಅದು ತಿನ್ನುವುದು ಇಲಿಯನ್ನು: ಹತ್ತು ಹನ್ನೆರಡು ದಿನಗಳಿಗೆ ಒಂದು, ವರ್ಷಕ್ಕೆ ಸುಮಾರು 30. ಇಪ್ಪತ್ತು ವರ್ಷ ಬದುಕಿದರೆ 600. ಹಾವೂ ಪಂಚೇಂದ್ರಿಯ ಜೀವಿ, ಇಲಿಯೂ ಪಂಚೇಂದ್ರಿಯ ಜೀವಿ. ಒಂದನ್ನು ಉಳಿಸಲು ಆರುನೂರು ಜೀವ! ಈ ಲೆಕ್ಕವನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಪ್ರಾಣಿಯನ್ನು ಕಟ್ಟಿಹಾಕುವ ಬಂಧವನ್ನೂ, ಅನ್ನನೀರು ತಡೆಯುವ ಅನ್ನಪಾನನಿರೋಧವನ್ನೂ ಸೇರಿಸುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಬಂಧ, ಉಪವಾಸ ಕೆಡವಿದರೆ ನಿರೋಧ, ಉಣಿಸಿದರೆ ಇಲಿಯ ಹಿಂಸೆಯಲ್ಲಿ ಪಾಲು. ಹಿಂಸ್ರ ಪ್ರಾಣಿಗಳನ್ನು ಸಾಕಿ ಬೆಳೆಸುವುದನ್ನು ಶ್ರಾವಕಾಚಾರದ ಗ್ರಂಥಗಳು ಅಸತೀಪೋಷಣವೆಂದು ಏಕೆ ನಿಷೇಧಿಸಿದವೆಂಬುದು ಈ ಮೂರು ಬಾಗಿಲುಗಳ ನಡುವೆ ನಿಂತಾಗ ಸ್ಪಷ್ಟವಾಗುತ್ತದೆ. ಹಾವು ಕೆಟ್ಟದ್ದೆಂದು ಅವು ಹಾಗೆ ಹೇಳಲಿಲ್ಲ. ಅದನ್ನು ಬಯಸಿ ತಂದ ಕ್ಷಣದಿಂದ ಮನುಷ್ಯನಿಗೆ ನಿರ್ದೋಷವಾದ ದಾರಿ ಒಂದೂ ಉಳಿಯುವುದಿಲ್ಲ.

ಅಳಿಯನ ಗೆಳೆಯನೊಬ್ಬ ತಾನೇ ಬಂದು ಉಣಿಸಿ ಹೋಗುವುದಾಗಿ ಹೇಳಿದ. ಮಾಡುವುದು, ಮಾಡಿಸುವುದು, ಒಪ್ಪುವುದು ಮೂರೂ ಬಂಧಕ್ಕೆ ಕಾರಣವೆಂದು ತಿಳಿದ ಮೇಲೆ ಇನ್ನೊಬ್ಬನ ಕೈಯನ್ನು ಮುಂದೆ ಮಾಡಿ ನನ್ನ ಕೈ ತೊಳೆದುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಪಂಡಿತರೊಬ್ಬರನ್ನು ಕೇಳಿದೆ. “ಕೊಲ್ಲುವ ಸಂಕಲ್ಪ ನಿಮ್ಮದಲ್ಲ, ಆದರೆ ಬೆಲೆ ಕೊಡುವವರು ನೀವೇ” ಎಂದರು. ಸಮಾಧಾನದ ಮಾತಾಡಲಿಲ್ಲ, ಅದಕ್ಕಾಗಿ ಅವರಿಗೆ ಕೃತಜ್ಞನಾಗಿದ್ದೇನೆ. ಸೂರ್ಯಾಸ್ತದ ನಂತರ ತುತ್ತೆತ್ತದ ನನ್ನ ತಾಯಿಯವರು ಮಾತ್ರ, “ಅದು ತನ್ನ ಜಾತಿಯ ಅನ್ನ ಉಣ್ಣುತ್ತದೆ. ಹಸಿದ ಜೀವವನ್ನು ಕಾಯಿಸಬೇಡ. ಕೊಡುವಾಗ ಹೆಮ್ಮೆಪಡಬೇಡ” ಎಂದರು. ಜೀವಂತ ಇಲಿಯನ್ನು ಎಂದೂ ತರುವುದಿಲ್ಲ. ಸತ್ತು ಶೀತಲಗೊಳಿಸಿದ್ದನ್ನು ಶೆಡ್ಡಿನ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಕರಗಿಸಿ, ನಾನೇ ಇಕ್ಕಳದಿಂದ ಹಿಡಿದು ಕೊಡುತ್ತೇನೆ. ಅಂದು ನಾನು ಏಕಾಶನ ಮಾಡುತ್ತೇನೆ. ಇದರಿಂದ ಲೆಕ್ಕ ಚುಕ್ತಾ ಆಯಿತೆಂದು ಭಾವಿಸಿಲ್ಲ. ಲೆಕ್ಕವಿದೆ ಎಂಬುದು ಮರೆಯದಿರಲಿ ಎಂದಷ್ಟೆ.

ಈ ಇಕ್ಕಟ್ಟು ವ್ಯಕ್ತಿಗಳದ್ದು ಮಾತ್ರವಲ್ಲ, ಸಂಸ್ಥೆಗಳದ್ದೂ ಹೌದು. ದೆಹಲಿಯ ಕೆಂಪುಕೋಟೆಯ ಎದುರು ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ನಮ್ಮವರು ನಡೆಸುವ ಹೆಸರಾಂತ ಪಕ್ಷಿ ಆಸ್ಪತ್ರೆಯಿದೆ. ಅಲ್ಲಿ ಮಾಂಸಾಹಾರಿ ಪಕ್ಷಿಗಳನ್ನು ಹೊರರೋಗಿಗಳಾಗಿ ನೋಡುವ ಪದ್ಧತಿ. ಒಳಗೆ ಇರಿಸಿಕೊಂಡು ಮಾಂಸ ಹಾಕುವುದಿಲ್ಲ. ಅದೇ ನಗರದಲ್ಲಿ ಗಾಯಗೊಂಡ ಹದ್ದುಗಳನ್ನು ಮೊಹಮ್ಮದ್ ಸೌದ್ ಮತ್ತು ನದೀಮ್ ಶಹಜಾದ್ ಎಂಬ ಸಹೋದರರು ತಮ್ಮ ನೆಲಮಾಳಿಗೆಯಲ್ಲಿ ಉಪಚರಿಸುತ್ತ ಬಂದರು. ಅವರ ಕುರಿತ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ 2022ರಲ್ಲಿ ಲೋಕದ ಗಮನ ಸೆಳೆಯಿತು. ಆಸ್ಪತ್ರೆಯ ಮಿತಿಯನ್ನು ನಾನು ದೂಷಿಸಲಾರೆ. ಆ ಮಿತಿಯೂ ವ್ರತದಿಂದಲೇ ಬಂದದ್ದು. ಆದರೆ ನಮ್ಮ ದಯೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ಆ ಜೀವವನ್ನು ಯಾರು ಕೈಗೆತ್ತಿಕೊಳ್ಳುತ್ತಾರೆ ಎಂಬುದನ್ನಾದರೂ ನಾವು ತಿಳಿದಿರಬೇಡವೇ?

ಇಲ್ಲಿಗೆ ನಾಲ್ಕನೆಯ ದಾನ ಬರುತ್ತದೆ. ಶಾಸ್ತ್ರದಾನವನ್ನು ಹಾವಿಗೆ ಮಾಡುವುದು ಸಾಧ್ಯವಿಲ್ಲ. ಹಾವಿನ ವಿಷಯದಲ್ಲಿ ಅದನ್ನು ಪಡೆಯಬೇಕಾದವರು ನಾವು. ಪಾರ್ಶ್ವಕುಮಾರನು ತಾಪಸನ ಕೊರಡಿನೊಳಗಿನ ನಾಗಯುಗಲಕ್ಕೆ ಕರುಣೆ ತೋರಿದ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಬೇರೆಯವರು ಬರಿಯ ಸೌದೆಯನ್ನು ಕಂಡಲ್ಲಿ ಆತ ಜೀವವನ್ನು ಕಂಡ. ಅರಿವು ಮುಂದೆ ಬಂತು, ಕರುಣೆ ಅದನ್ನು ಹಿಂಬಾಲಿಸಿತು. ಶ್ವೇತಾಂಬರ ಪರಂಪರೆಯ ಚಂಡಕೌಶಿಕನ ಕಥೆಯಲ್ಲಿ, ಮಹಾವೀರಸ್ವಾಮಿಯ ದರ್ಶನದಿಂದ ಶಾಂತವಾಗಿ ಹುತ್ತಕ್ಕೆ ಮುಖವಿಟ್ಟು ಮಲಗಿದ ಸರ್ಪಕ್ಕೆ ಜನರು ಭಕ್ತಿಯಿಂದ ಹಾಲು ತುಪ್ಪ ಸುರಿದರು. ಅದರ ವಾಸನೆಗೆ ಬಂದ ಇರುವೆಗಳು ಅದರ ಮೈಯನ್ನು ಕಡಿದವು. ಸರ್ಪವು ಸಹಿಸಿ ಸದ್ಗತಿ ಪಡೆಯಿತೆಂಬುದು ಅದರ ಹಿರಿಮೆ. ಹಾಲು ಸುರಿದವರಿಗೆ ಆ ಕಥೆಯಲ್ಲಿ ಹಿರಿಮೆಯೇನೂ ಇಲ್ಲ.

ಆದುದರಿಂದ ಶ್ರಾವಕ ಕುಟುಂಬಗಳಲ್ಲಿ ನನ್ನ ಬಿನ್ನಹವಿಷ್ಟು: ಇಂಥ ಪ್ರಾಣಿಯನ್ನು ಹಣ ಕೊಟ್ಟು ತರಬೇಡಿ, ಮಕ್ಕಳು ಕೇಳಿದರೆ ಆರುನೂರರ ಲೆಕ್ಕವನ್ನು ಅವರ ಮುಂದಿಡಿ. ಆದರೆ ಯಾವ ಕಾರಣದಿಂದಲೋ ಅದು ನಿಮ್ಮ ಮನೆಗೆ ಬಂದರೆ ಕೊನೆಯವರೆಗೂ ನೋಡಿಕೊಳ್ಳಿ. ಗೋಶಾಲೆ, ಪಾಂಜರಪೋಳ ನಡೆಸುವ ಬಸದಿ ಟ್ರಸ್ಟ್‌ಗಳು ಒಂದು ಕೆಲಸ ಮಾಡಬಹುದು. ಗಾಯಗೊಂಡ ಹದ್ದು, ಗೂಬೆ, ಹಾವುಗಳನ್ನು ಯಾರಾದರೂ ತಂದಾಗ “ನಮ್ಮಲ್ಲಿ ಆಗದು” ಎಂದು ಬಾಗಿಲು ಹಾಕುವ ಬದಲು, ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಸ್ಥಳಗಳ ವಿಳಾಸ ಬರೆದಿಟ್ಟುಕೊಂಡು, ಅಲ್ಲಿಗೆ ತಲುಪಿಸುವ ವಾಹನದ ಖರ್ಚನ್ನು ಜೀವದಯಾ ನಿಧಿಯಿಂದ ಕೊಡಲಿ. ಇದಕ್ಕೆ ವ್ರತಭಂಗದ ಅಂಜಿಕೆ ಬೇಕಿಲ್ಲ.

ಹಾವು ಈಗ ಮೊದಲಿಗಿಂತ ಗೆಲುವಾಗಿದೆ. ಚಳಿಗಾಲದಲ್ಲಿ ಉಸಿರು ತುಸು ಗೊರಗುಟ್ಟುವುದುಂಟು. ಎರಡು ವರ್ಷ ಕಳೆದರೂ ನನ್ನ ಕೈಗೆ ಅದು ಅಂಜುತ್ತದೆ. ಪಳಗಲಿ ಎಂಬ ಆಸೆಯೂ ನನಗಿಲ್ಲ. ಕೃತಜ್ಞತೆಯನ್ನು ಮರಳಿ ಕೊಡಲಾರದ ಜೀವಿಗೆ ಸಲ್ಲುವ ಸೇವೆಯಲ್ಲಿ ಪ್ರತಿಫಲದ ಬಯಕೆಗೆ ಎಡೆಯೇ ಇಲ್ಲ. ದಾನಕ್ಕೆ ಅದಕ್ಕಿಂತ ಶುದ್ಧವಾದ ಪಾತ್ರವನ್ನು ನಾನು ಕಂಡಿಲ್ಲ.