ಎರಡು ತಿಂಗಳು 74 ಕೆಜಿಯಲ್ಲೇ ನಿಂತಿದ್ದೆ

ನಮ್ಮ ಗೂಳೂರಿನಲ್ಲಿ ಗಣಪತಿ ಹಬ್ಬ ಒಂದು ದಿನದ್ದಲ್ಲ ಅಂತ ನಿಮಗೆ ಗೊತ್ತಿರುತ್ತೆ. ಚೌತಿಯ ದಿನ ಮಣ್ಣಿನ ಮಹಾಗಣಪತಿಯನ್ನು ಮಾಡೋಕೆ ಶುರುಮಾಡಿದರೆ ಮೂರ್ತಿ ಸಿದ್ಧವಾಗೋದು ದೀಪಾವಳಿ ಹೊತ್ತಿಗೆ. ಬಲಿಪಾಡ್ಯಮಿಯಿಂದ ಕಾರ್ತಿಕವಿಡೀ ಪೂಜೆ, ಆಮೇಲೆ ಕೆರೆಯಲ್ಲಿ ವಿಸರ್ಜನೆ. ನನ್ನ ತೂಕದ ಕತೆಯೂ ಕಳೆದ ಸಲ ಚೌತಿಗೇ ಶುರುವಾಯ್ತು.

ಚೌತಿ ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದ್ದೆ. ಎಚ್‌ಬಿಎ1ಸಿ 6.2 ಬಂತು. ಇದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ ಅರ್ಥ. ಆಗ ನನ್ನ ತೂಕ 78 ಕೆಜಿ, ಎತ್ತರ ಐದಡಿ ಎರಡಿಂಚು, ಸೊಂಟದ ಸುತ್ತಳತೆ 98 ಸೆಂಟಿಮೀಟರ್.

ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಅಂದರೆ ಪುಸ್ತಕದ ಮಾತಲ್ಲ. ಅಪ್ಪನ ಕಾಲಿನ ಬೆರಳಿನ ಗಾಯ ಮಾಯಲೇ ಇಲ್ಲ. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಪಾದ. ಕೊನೆಯ ಎರಡು ವರ್ಷ ಅವರನ್ನು ಹಿಡಿದುಕೊಂಡು ಬಚ್ಚಲಿಗೆ ಕರೆದೊಯ್ಯುತ್ತಿದ್ದದ್ದು ಅಮ್ಮ. ಇನ್ನೊಂದು ಸಲ ಅಮ್ಮನಿಗೆ ಆ ಕೆಲಸ ಕೊಡಬಾರದು ಅನ್ನೋದೇ ನನ್ನ ಮನಸ್ಸಿನಲ್ಲಿದ್ದದ್ದು.

ಮೊದಲು ಊಟಕ್ಕೆ ಕೈ ಹಾಕಿದೆ. ಎರಡು ಮುದ್ದೆ ಒಂದಾಯ್ತು. ರಾತ್ರಿ ಅನ್ನ ಬಿಟ್ಟೆ, ಟೀಗೆ ಸಕ್ಕರೆ ಬಿಟ್ಟೆ. ದೀಪಾವಳಿ ಹೊತ್ತಿಗೆ 74 ಕೆಜಿಗೆ ಇಳಿದೆ. ಅಲ್ಲಿಗೆ ನಿಂತುಹೋಯ್ತು. ಎರಡು ವಾರ ಕಳೆದರೂ 74, ಮೂರು ವಾರಕ್ಕೂ 74.

ಊಟ ಇನ್ನೂ ಕಡಿಮೆ ಮಾಡಿದರೆ ತಲೆ ಸುತ್ತುತ್ತಿತ್ತು. ಸರಿ, ವ್ಯಾಯಾಮ ಮಾಡೋಣ ಅಂತ ಬೆಳಗ್ಗೆ ಆರಕ್ಕೆ ಕೆರೆ ಏರಿ ಮೇಲೆ ಒಂದು ಗಂಟೆ ನಡೆಯೋಕೆ ಹೊರಟೆ. ಹತ್ತು ದಿನ ಬಿಡದೆ ನಡೆದು ತೂಕ ನೋಡಿದರೆ 74.7! ಆವತ್ತು ಯಂತ್ರವನ್ನು ಮಂಚದ ಕೆಳಗೆ ತಳ್ಳಿ, ನಾಳೆಯಿಂದ ಹೋಗಲ್ಲ ಅಂತ ಅಮ್ಮನಿಗೆ ಹೇಳಿದ್ದೆ.

ಹಾಗೆ ತೂಕ ಏರಿದ್ದು ಕೊಬ್ಬು ಬೆಳೆದು ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅಭ್ಯಾಸ ಇಲ್ಲದ ಮಾಂಸಖಂಡಕ್ಕೆ ಕೆಲಸ ಕೊಟ್ಟರೆ ಅದು ನೋಯುತ್ತೆ, ಸ್ವಲ್ಪ ಊದುತ್ತೆ, ಅಲ್ಲಿ ನೀರು ನಿಲ್ಲುತ್ತೆ. ಜೊತೆಗೆ ಮಾಂಸಖಂಡ ತನ್ನ ಬಳಕೆಗೆ ಗ್ಲೈಕೋಜನ್ ಅನ್ನೋ ಸಕ್ಕರೆಯನ್ನು ಹೆಚ್ಚಾಗಿ ಕೂಡಿಡುತ್ತೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತೆ. ಹೊಸದಾಗಿ ವ್ಯಾಯಾಮ ಶುರುಮಾಡಿದವರಿಗೆ ಅರ್ಧ ಕೆಜಿ, ಒಂದು ಕೆಜಿ ಏರೋದು ಹೀಗೆ. ಕೆಲವು ವಾರದಲ್ಲಿ ಅದು ಸರಿಹೋಗುತ್ತೆ. ಇದು ಗೊತ್ತಿಲ್ಲದೆ ಎಷ್ಟು ಜನ ಹದಿನೈದನೇ ದಿನಕ್ಕೇ ಬಿಟ್ಟಿರಬಹುದು!

ಅಮ್ಮನ ಬಲವಂತಕ್ಕೆ ಮತ್ತೆ ನಡೆದೆ. ಏರಿದ್ದು ಇಳಿಯಿತು. ಆದರೆ 74ರಿಂದ ಕೆಳಕ್ಕೆ ಹೋಗಲಿಲ್ಲ. ಕಾರ್ತಿಕ ಮುಗಿದು, ಗಣಪತಿಯನ್ನು ಕೆರೆಗೆ ಬಿಟ್ಟು, ಧನುರ್ಮಾಸ ಬಂದರೂ ಅಷ್ಟೇ.

ಕೊನೆಗೆ ಒಂದು ಹಳೇ ನೋಟ್‌ಬುಕ್ ತೆಗೆದು, ಒಂದು ವಾರ ತಿಂದದ್ದನ್ನೂ ಮಾಡಿದ ಕೆಲಸವನ್ನೂ ಮುಚ್ಚುಮರೆ ಇಲ್ಲದೆ ಬರೆದೆ. ವಾರದ ಕೊನೆಗೆ ಓದಿದಾಗ ನಾಚಿಕೆಯಾಯ್ತು.

ಮೊದಲನೆಯದು, ವಾರದಲ್ಲಿ ಮೂರು ದಿನ ನಡಿಗೆ ಮುಗಿಸಿ ಹೋಟೆಲಲ್ಲಿ ಎರಡು ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಜೊತೆಗೊಂದು ವಡೆ. ನಡೆದಿದ್ದೀನಲ್ಲ, ಪರವಾಗಿಲ್ಲ ಅನ್ನೋ ಧೈರ್ಯ. ನನ್ನ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗೋದು ಸುಮಾರು 250 ಕ್ಯಾಲೊರಿ. ಆ ತಿಂಡಿ ಅದನ್ನೆಲ್ಲ ವಾಪಸ್ ತಂದು ಮೇಲಿಷ್ಟು ಕೊಡುತ್ತಿತ್ತು. ಸಾರಿಗೆ ಕಾಯಿ ರುಬ್ಬಿ ಹಾಕೋದು, ಒಗ್ಗರಣೆಗೆ ಎಣ್ಣೆ ಸುರಿಯೋದು ಇವನ್ನಂತೂ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂದು ಚಿಕ್ಕ ಚಮಚ ಎಣ್ಣೆಯೇ 45 ಕ್ಯಾಲೊರಿ.

ಎರಡನೆಯದು ಇನ್ನೂ ದೊಡ್ಡದು. ನಡೆದು ಬಂದ ಮೇಲೆ ನಾನು ಮನೆಯಲ್ಲಿ ಏನೂ ಮಾಡುತ್ತಿರಲಿಲ್ಲ. "ನಡ್ಕೊಂಡು ಬಂದಿದೀಯ, ಸುಸ್ತಾಗಿರುತ್ತೆ, ಕೂತ್ಕೋ ಮಗಳೇ, ನಾನು ನೋಡ್ಕೋತೀನಿ" ಅಂತ ಅಮ್ಮ ಬಿಂದಿಗೆ ಎತ್ತಿಕೊಳ್ಳುತ್ತಿದ್ದಳು. ಕಸ ಗುಡಿಸೋದು, ಬಟ್ಟೆ ಒಗೆಯೋದು, ಹಸುಗೆ ಹುಲ್ಲು ಹಾಕೋದು ಒಂದೊಂದಾಗಿ ಅವಳ ಪಾಲಿಗೆ ಹೋಗಿದ್ದವು. ಅಂಗಡಿಗೆ ಹೋಗೋಕೆ ನನಗೆ ಗಾಡಿ ಬೇಕು. ಭಾನುವಾರ ಮಧ್ಯಾಹ್ನ ಎರಡು ಗಂಟೆ ನಿದ್ದೆ. ಅಂದರೆ ಬೆಳಗ್ಗೆ ಒಂದು ಗಂಟೆ ನಡೆದು, ಉಳಿದ ಹೊತ್ತಲ್ಲಿ ಮೊದಲಿಗಿಂತ ಹೆಚ್ಚು ಕೂತಿದ್ದೆ. ನನ್ನ ಕೆಲಸವೆಲ್ಲ ಅರವತ್ತೆರಡು ವರ್ಷದ ಅಮ್ಮನ ಮೇಲೆ ಬಿದ್ದಿತ್ತು.

ಇದು ನನ್ನೊಬ್ಬಳ ಸೋಮಾರಿತನ ಮಾತ್ರವಲ್ಲ, ದೇಹದ ಗುಣವೂ ಹೌದು. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಯುವಕರಿಗೆ ಆರು ತಿಂಗಳು ಹೆಚ್ಚುಕಮ್ಮಿ ಅರ್ಧ ಊಟ ಕೊಟ್ಟು ನೋಡಿದ್ದರು. ಅವರ ತೂಕ ಇಳಿಯಿತು. ಜೊತೆಗೆ ಎದೆಬಡಿತ ನಿಧಾನವಾಯ್ತು, ಮೈ ತಣ್ಣಗಾಗುತ್ತಿತ್ತು, ಎದ್ದು ಓಡಾಡೋಕೂ ಮನಸ್ಸು ಬರುತ್ತಿರಲಿಲ್ಲ. ಕಡಿಮೆ ಸಿಕ್ಕರೆ ದೇಹ ಕಡಿಮೆಯಲ್ಲೇ ಸಂಸಾರ ತೂಗಿಸುತ್ತೆ. ತಾಂಜಾನಿಯಾದ ಹಡ್ಜಾ ಜನ ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೈಗಾತ್ರ ಲೆಕ್ಕ ಹಾಕಿ ಹೋಲಿಸಿದರೆ, ಅಷ್ಟು ಓಡಾಡುವ ಅವರೂ ಪಟ್ಟಣದಲ್ಲಿ ಕೂತು ಕೆಲಸ ಮಾಡುವವರೂ ದಿನಕ್ಕೆ ಸುಡುವ ಕ್ಯಾಲೊರಿ ಹೆಚ್ಚುಕಮ್ಮಿ ಒಂದೇ. ನಡಿಗೆ ಒಂದನ್ನೇ ನಂಬಿದರೆ ತೂಕ ಯಾಕೆ ಇಳಿಯಲ್ಲ ಅನ್ನೋದಕ್ಕೆ ಇದೂ ಒಂದು ಉತ್ತರ. ಇನ್ನೊಂದು ಸರಳ ಕಾರಣ, 78 ಕೆಜಿಯ ಮೈಗೆ ಬೇಕಾದಷ್ಟು ಊಟ 74 ಕೆಜಿಯ ಮೈಗೆ ಬೇಡ.

ಸಂಕ್ರಾಂತಿಯಿಂದ ಕೆಲವು ಬದಲಾವಣೆ ಮಾಡಿಕೊಂಡೆ.

ಮನೆ ಕೆಲಸ ವಾಪಸ್ ತೆಗೆದುಕೊಂಡೆ. ನೀರು, ಕಸ, ಹಸು ಮೂರೂ ನನ್ನದು. ಊರೊಳಗೆ ಗಾಡಿ ಇಲ್ಲ.

ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷ ಬಲದ ವ್ಯಾಯಾಮ. ಇದಕ್ಕೆ ಜಿಮ್ ಬೇಕಿಲ್ಲ. ಹಿಂದೆ ಗರಡಿ ಮನೆಯಲ್ಲಿ ಹೊಡೆಯುತ್ತಿದ್ದ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಕ್ಯಾನ್ ಎತ್ತಿ ಇಳಿಸೋದು ಇಷ್ಟೇ. ಮೊದಲ ದಿನ ಎಂಟು ಬಸ್ಕಿಗೆ ಕಾಲು ನಡುಗಿತ್ತು, ಈಗ ನಲವತ್ತು ಹೊಡೀತೀನಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ, ಅದನ್ನು ಉಳಿಸಿಕೊಳ್ಳೋಕೆ ಇದು ಬೇಕು.

ತಟ್ಟೆಯಲ್ಲಿ ಕಾಳು ಹೆಚ್ಚಾಯ್ತು. ಆಗ ಅವರೆಕಾಯಿ ಕಾಲ, ಆಮೇಲೆ ಹುರುಳಿ, ಹೆಸರುಕಾಳು, ದಿನಕ್ಕೊಂದು ಮೊಟ್ಟೆ. ಕಾಳು ತಿಂದರೆ ಬೇಗ ಹಸಿವಾಗಲ್ಲ. ಮುದ್ದೆ ಒಂದೇ, ಆದರೆ ಸಣ್ಣದು. ತಟ್ಟೆ ಇಡ್ಲಿ ಬಿಟ್ಟಿಲ್ಲ, ಭಾನುವಾರ ಒಂದು, ಬೆಣ್ಣೆ ಇಲ್ಲದೆ.

ತೂಕ ವಾರಕ್ಕೊಮ್ಮೆ ಮಾತ್ರ, ಬೆಳಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನದೆ. ಜೊತೆಗೆ ದರ್ಜಿ ಟೇಪಿನಲ್ಲಿ ಸೊಂಟದ ಅಳತೆ. ಆಗ ಗೊತ್ತಾಯ್ತು, 74ರಲ್ಲಿ ನಿಂತಿದ್ದ ಎರಡು ತಿಂಗಳಲ್ಲೂ ಸೊಂಟ 94ರಿಂದ 92ಕ್ಕೆ ಇಳಿದಿತ್ತು. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಅಪಾಯ ಅಂತ ಲೆಕ್ಕ.

ಸಂಕ್ರಾಂತಿ ಕಳೆದ ಮೂರನೇ ವಾರ 73.4 ತೋರಿಸಿತು. ಯುಗಾದಿಗೆ 70.8, ಸೊಂಟ 88. ಎಚ್‌ಬಿಎ1ಸಿ 5.8. ಹೊಸ್ತಿಲಿನಿಂದ ಇನ್ನೂ ಪೂರ್ತಿ ಈಚೆ ಬಂದಿಲ್ಲ.

ನಿಮ್ಮ ತೂಕ ನಿಂತಿದ್ದರೆ ಒಂದೆರಡು ವಾರಕ್ಕೆ ಗಾಬರಿ ಆಗಬೇಡಿ. ತಿಂಗಳಾದರೂ ಅಲ್ಲಾಡದಿದ್ದರೆ ಒಂದು ವಾರ ಎಲ್ಲವನ್ನೂ ಬರೆದು ನೋಡಿ. ಸುಸ್ತು, ಕೂದಲು ಉದುರೋದು, ಮುಟ್ಟಿನ ತೊಂದರೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ತಲೆ ತಿರುಗಿ ಬೀಳಬಹುದು. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ತಪಾಸಣೆ ಉಚಿತ.

ಈಗ ಮತ್ತೆ ಎರಡು ವಾರದಿಂದ 70.6ರಲ್ಲಿ ನಿಂತಿದ್ದೇನೆ. ಈ ಸಲ ಯಂತ್ರವನ್ನು ಮಂಚದ ಕೆಳಗೆ ತಳ್ಳಿಲ್ಲ. ನಿನ್ನೆ ನಾನು ಬಿಂದಿಗೆ ಎತ್ತಿಕೊಂಡು ಬರುವಾಗ ಅಮ್ಮ ಜಗಲಿ ಮೇಲೆ ಕಾಲು ಚಾಚಿ ಕೂತು ಅವರೆಕಾಳು ಹಿಸುಕುತ್ತಿದ್ದಳು. "ಇನ್ನೊಂದು ಬಿಂದಿಗೆ ಬೇಕು" ಅಂದಳು. ಹೋಗಿ ತಂದೆ.