ಎರಡು ತಂತಿಯ ಪೆಟ್ಟಿಗೆ

ದೇವರಮನೆ ಗುಡ್ಡದ ಕೆಳಗೆ ತೋಟ ಇರುವವರಿಗೆಲ್ಲ ಕಾಫಿಗಿಂತ ಮಂಜು ಮಾರುವುದೇ ಸುಲಭ ಎಂಬ ನಂಬಿಕೆ ಈಚೆಗೆ ಬಂದಿದೆ. ಮೇಲೆ ಕಾಲಭೈರವೇಶ್ವರನ ಗುಡಿ, ಸುತ್ತ ಹುಲ್ಲುಗುಡ್ಡ, ಮಳೆ ಹಿಡಿದರೆ ಬೆಂಗಳೂರಿನ ಕಾರುಗಳ ಸಾಲು. ಕಾಫಿ ರೇಟು ನೆಲ ಕಚ್ಚಿದ್ದ ಒಂದು ವರ್ಷ ನಾವೂ ಹಳೇ ಮನೆಯ ಎರಡು ಕೋಣೆಗೆ ಬಣ್ಣ ಬಳಿಸಿ ಹೋಂಸ್ಟೇ ಬೋರ್ಡು ತೂಗುಹಾಕಿದೆವು. ಬಂದವರು ಅಕ್ಕಿರೊಟ್ಟಿ ಹೊಗಳುತ್ತಾರೆ, ಮಂಜು ಹೊಗಳುತ್ತಾರೆ, ಆಮೇಲೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದು ಕೇಳುತ್ತಾರೆ: "ಅಂಕಲ್, ಬಿಸಿನೀರು?"

ನಮ್ಮ ಬಚ್ಚಲಲ್ಲಿ ಹಂಡೆ ಒಲೆ ಇದೆ. ರಾತ್ರಿ ಒಂದು ದಪ್ಪ ಕಟ್ಟಿಗೆ ತಳ್ಳಿ ಮಲಗಿದರೆ ಬೆಳಗಿನ ತನಕ ನೀರು ಕಾದೇ ಇರುತ್ತದೆ. ಆದರೆ ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಳ್ಳುವುದು ಈಗಿನವರಿಗೆ ಒಂದು ದಿನದ ಮಟ್ಟಿಗೆ ಚೆಂದ. ಹಾಗಾಗಿ 25 ಲೀಟರಿನ, 2 ಕಿಲೋವ್ಯಾಟಿನ ಗೀಸರ್ ಹಾಕಿಸಿದೆ. ಬಂದವರು ಅದನ್ನು ಆನ್ ಮಾಡಿಯೇ ಗುಡ್ಡ ಹತ್ತಲು ಹೋಗುತ್ತಿದ್ದರು. ಕರೆಂಟ್ ಬಿಲ್ಲು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಆರಿಸಿ ಎಂದು ಹೇಳಲು ನಾಚಿಕೆ. ನಾನು ತೋಟದಲ್ಲಿದ್ದುಕೊಂಡೇ ಫೋನಿನಿಂದ ಆರಿಸುವಂತಿದ್ದರೆ ಎಷ್ಟು ಚೆನ್ನ ಎನ್ನಿಸಿ, ಆನ್‌ಲೈನಿನಲ್ಲಿ ಒಂದು ಸ್ಮಾರ್ಟ್ ಸ್ವಿಚ್ ತರಿಸಿದೆ. ಅದರ ಜೊತೆಗಿದ್ದ ಚೀಟಿಯಲ್ಲಿ ದಪ್ಪಕ್ಷರದಲ್ಲಿ 'ನ್ಯೂಟ್ರಲ್ ಕಡ್ಡಾಯ' ಎಂದಿತ್ತು.

ಬಚ್ಚಲ ಬಾಗಿಲ ಪಕ್ಕದ ಕಬ್ಬಿಣದ ಪೆಟ್ಟಿಗೆ ಬಿಚ್ಚಿದರೆ ಸ್ವಿಚ್ಚಿಗೆ ಎರಡೇ ತಂತಿ. ಒಂದರಲ್ಲಿ ಫೇಸು ಬರುತ್ತದೆ, ಇನ್ನೊಂದರಲ್ಲಿ ಸ್ವಿಚ್ ದಾಟಿ ಮೇಲೆ ಹೋಗುತ್ತದೆ. ನ್ಯೂಟ್ರಲ್ ಅಟ್ಟದ ಮೇಲಿಂದ ನೇರವಾಗಿ ಗೀಸರಿನ ಸಾಕೆಟ್ಟಿಗೆ. ಹಳೇ ಮನೆಗಳ ಪದ್ಧತಿಯೇ ಹಾಗೆ. ಸ್ವಿಚ್ಚಿನ ಕೆಲಸ ಫೇಸು ಕಡಿಯುವುದು, ಅದಕ್ಕೇಕೆ ನ್ಯೂಟ್ರಲ್? ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ತಂತಿ ಎಳೆಯುತ್ತಿದ್ದ ಕಾಲದವರು ಒಂದೊಂದು ಮೊಳವನ್ನೂ ಲೆಕ್ಕ ಹಾಕಿ ಹಾಕಿದ್ದಾರೆ. ಆವತ್ತು ಮಾತ್ರ ಅಪ್ಪನ ಕಾಲದ ವೈರಿಂಗಿಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ.

ತಂಗಿಯ ಮಗಳು ಅಮೆರಿಕದ ಮಿನೆಸೋಟದಲ್ಲಿದ್ದಾಳೆ. ಫೋನಿನಲ್ಲಿ ಗೋಳು ತೋಡಿಕೊಂಡೆ. "ಮಾವ, ನಮ್ಮನೇಲೂ ಇದೇ ಕತೆ" ಎಂದು ನಕ್ಕಳು. ಅವಳ ಹಳೇ ಮನೆಯ ಗೋಡೆಯಲ್ಲಿ ಹನಿವೆಲ್‌ನ ಗುಂಡು ಥರ್ಮೋಸ್ಟಾಟ್ ಇತ್ತಂತೆ, 1953ರಲ್ಲಿ ಬಂದು ಅಲ್ಲಿ ಮನೆಮಾತಾದ ಮಾದರಿ. ಒಳಗೆ ಸುರುಳಿ ಸುತ್ತಿದ ಲೋಹದ ಪಟ್ಟಿ, ಅದಕ್ಕೆ ಅಂಟಿದ ಪುಟ್ಟ ಗಾಜಿನ ಬುರುಡೆಯಲ್ಲಿ ಪಾದರಸ. ಚಳಿಯಾದರೆ ಪಟ್ಟಿ ಸೆಟೆದು ಬುರುಡೆ ವಾಲುತ್ತದೆ, ಪಾದರಸ ಹರಿದು ಎರಡು ತಂತಿಯನ್ನು ಕೂಡಿಸುತ್ತದೆ, ನೆಲಮಾಳಿಗೆಯ ಫರ್ನೇಸು ಹತ್ತಿಕೊಳ್ಳುತ್ತದೆ. ತನಗೆಂದು ಅದು ಕರೆಂಟು ಕೇಳುವುದೇ ಇಲ್ಲ. ವೈಫೈ ಇರುವ ಹೊಸದಕ್ಕೆ ಹಗಲೂ ರಾತ್ರಿ ಚೂರು ಕರೆಂಟು ಬೇಕು, ಅದು ವಾಪಸು ಹೋಗಲು ಅಲ್ಲಿಯವರು ಸಿ ವೈರ್ ಅನ್ನುವ ಇನ್ನೊಂದು ತಂತಿ ಬೇಕು. ಅವಳ ಗೋಡೆಯಲ್ಲಿ ಅದಿಲ್ಲ. ಪಕ್ಕದ ಸಾಕೆಟ್ಟಿಗೆ 24 ವೋಲ್ಟಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಸಿಕ್ಕಿಸಿ, ಗೋಡೆ ಒಡೆಯದೆ ಕೆಲಸ ಮುಗಿಸಿದಳಂತೆ. ಅವಳದು 24, ನನ್ನದು 230. ಆ ಅಂಕಿ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. 'ಗೋಡೆ ಒಡೆಯದೆ' ಎಂಬುದಷ್ಟೇ ಹೋಯಿತು.

ವೈರಿಂಗಿನವರನ್ನು ಕರೆಸಬಹುದಿತ್ತು. ಕರೆಸಲಿಲ್ಲ. ಹುಡುಗನಾಗಿದ್ದಾಗ ರೇಡಿಯೋ ಬಿಚ್ಚಿದವನು, ಪಂಪ್‌ಸೆಟ್ಟಿನ ಸ್ಟಾರ್ಟರ್ ತೊಳೆದವನು ಎಂಬ ಜಂಬ ನನಗಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಬೋಳು ತಂತಿ ಇತ್ತು, ಪೆಟ್ಟಿಗೆಯ ಅರ್ಥಿಂಗು. ಸ್ಮಾರ್ಟ್ ಸ್ವಿಚ್ಚಿನ ನ್ಯೂಟ್ರಲ್ಲನ್ನು ಅದಕ್ಕೇ ಸುತ್ತಿದೆ. ನೀಲಿ ದೀಪ ಮಿಣುಕಿತು. "ರೀ, ಸರಿಯಾಗಿದೆ ತಾನೆ?" ಎಂದು ಮನೆಯವಳು ಕೇಳಿದಾಗ ನಾನು ಬೀಗಿದ್ದು ನೋಡಬೇಕಿತ್ತು.

ಮಳೆಗಾಲ ಕಳೆಯಿತು, ಏನೂ ಆಗಲಿಲ್ಲ. ನೀರು ಮಾತ್ರ ಸರಿಯಾಗಿ ಕಾಯುತ್ತಿರಲಿಲ್ಲ. ನನ್ನ ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿತ್ತು. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 1.2 ಯೂನಿಟ್, 2 ಕಿಲೋವ್ಯಾಟಿನಲ್ಲಿ 35 ನಿಮಿಷ. ಅಷ್ಟೇ ಹೊತ್ತಿಗೆ ಫೋನಿನಲ್ಲಿ ಟೈಮ್ ಇಟ್ಟಿದ್ದೆ. ಆದರೆ ಸಂಜೆ ವೋಲ್ಟೇಜು 180ಕ್ಕೆ ಇಳಿದರೆ ಅದೇ ಗೀಸರ್ 1.2 ಕಿಲೋವ್ಯಾಟಿಗೆ ಕುಸಿಯುತ್ತದೆ, ಒಂದು ಗಂಟೆ ಬೇಕು. ಬಂದವರು ಉಗುರುಬೆಚ್ಚಗಿನ ನೀರಲ್ಲಿ ಮಿಂದು, ಸೌಜನ್ಯಕ್ಕೆ ಸುಮ್ಮನಿದ್ದು ಹೋದರು.

ಹಣ್ಣು ಕುಯ್ಯುವ ಕಾಲ, ಜನವರಿ. ಮೈಸೂರು ಕಡೆಯ ಒಂದು ಸಂಸಾರ ಬಂದಿತ್ತು. ಬೆಳಿಗ್ಗೆ ಆ ಸಂಸಾರದ ಯಜಮಾನ, ಇನ್ನೂ ಹುಡುಗ, ಬಚ್ಚಲಿಂದ ಹೊರಗೆ ಬಂದು, "ಅಂಕಲ್, ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನತ್ತೆ" ಎಂದ. ಎದೆ ಧಸಕ್ಕೆಂದಿತು. ಏನಾಗಿದೆ ಎಂದು ನನಗೆ ಆ ಕ್ಷಣವೇ ಹೊಳೆದಿತ್ತು. ಆದರೂ ನನ್ನ ಬಾಯಿಂದ ಬಂದದ್ದು, "ನಮ್ಮ ಕಡೆ ಚಳಿ ಜಾಸ್ತಿ ಅಲ್ವಾ, ತಣ್ಣೀರಿಗೆ ಹಾಗೆ ಆಗತ್ತೆ." ಅಷ್ಟು ಹೇಳಿ, ಅವನ ಮುಖ ನೋಡದೆ ಹಿತ್ತಿಲಿಗೆ ಓಡಿ ಮೈನ್ ಆಫ್ ಮಾಡಿದೆ. "ಕರೆಂಟು ಹೋಯ್ತು ನೋಡಿ" ಎಂದೆ. ಅದೂ ಸುಳ್ಳು. ಅವರ ನಾಲ್ಕು ವರ್ಷದ ಮಗಳು ಟವೆಲ್ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಮಗುವಿಗೆ ಹಂಡೆಯ ನೀರು ಹೊಯ್ದು ಮೀಯಿಸಿದವಳು ನನ್ನ ಹೆಂಡತಿ.

ಮೂಡಿಗೆರೆಯಿಂದ ಬಂದ ವೈರ್‌ಮನ್ನು ವಯಸ್ಸಾದವರು. ಪೆಟ್ಟಿಗೆ ನೋಡಲೇ ಇಲ್ಲ, ಮೊದಲು ಹಿತ್ತಿಲಿಗೆ ಹೋಗಿ ಅರ್ಥ್ ಗುಂಡಿ ಕೆದಕಿದರು. ಇದ್ದಿಲು, ಉಪ್ಪು ತುಂಬಿ ಪೈಪು ಹೂತಿದ್ದ ಗುಂಡಿ. ಪೈಪಿಗೆ ಬಿಗಿದ ತಂತಿ ಉಪ್ಪಿಗೆ ತುಕ್ಕು ಹಿಡಿದು ತುಂಡಾಗಿತ್ತು. ತಂತಿ ನೆಲ ಮುಟ್ಟುತ್ತಿದ್ದಷ್ಟು ದಿನ ನನ್ನ ಕಳ್ಳ ಕೆಲಸ ಮುಚ್ಚಿಕೊಂಡಿತ್ತು. ಅದು ತುಂಡಾದ ಮೇಲೆ ಸ್ಮಾರ್ಟ್ ಸ್ವಿಚ್ಚಿನೊಳಗಿಂದ ನುಸುಳಿದ ಕರೆಂಟು ಅದೇ ಅರ್ಥ್ ತಂತಿ ಹಿಡಿದು ಗೀಸರಿನ ಮೈಗೆ, ಅಲ್ಲಿಂದ ನಲ್ಲಿಗೆ ಏರಿತ್ತು. ಆ ಸ್ವಿಚ್ಚು ಎಳೆಯುವ ಕರೆಂಟು ಅಲ್ಪವಾದ್ದರಿಂದ ಜುಮ್ ಎಂದಷ್ಟೇ ಆಯಿತು.

"ಗದ್ದೆಗೆ ನೀರು ಬಿಟ್ರೆ ಸಾಕಾ ಗೌಡ್ರೇ, ಹೊರಗೆ ಹೋಗಕ್ಕೆ ದಾರಿ ಬೇಡ್ವಾ?" ಎಂದರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಗೀಸರಿನ ಕೆಳಗಿನ ಮುಚ್ಚಳ ತೆಗೆದು ತೋರಿಸಿದರು. "ಇದರ ಹೊಟ್ಟೇಲೇ ಥರ್ಮೋಸ್ಟಾಟ್ ಇದೆಯಲ್ಲ ಮಾರಾಯ್ರೆ. ನೀರು ಕಾದ ಮೇಲೆ ತಾನೇ ಆಫ್ ಆಗತ್ತೆ. ನೀವು ಫೋನಲ್ಲಿ ಆರಿಸೋದು ಏನಿತ್ತು?" ಬಿಲ್ಲು ಏರಿದ್ದು ಜನ ಹೆಚ್ಚು ಮೀಯುತ್ತಿದ್ದುದರಿಂದ. ಮೀಯಲಿ ಎಂದೇ ತಾನೆ ನಾನು ದುಡ್ಡು ತೆಗೆದುಕೊಂಡದ್ದು!

ನಿಜ ಹೇಳಬೇಕೆಂದರೆ ಉಳಿತಾಯ ಒಂದು ನೆಪ. ಬೇರೆಯವರ ಕೈಯಲ್ಲಿರುವ ಸ್ವಿಚ್ಚು ನನ್ನ ಜೇಬಿನಲ್ಲಿರಬೇಕಿತ್ತು. ತಂತಿ ತಪ್ಪಾಗಿ ಸುತ್ತಿದ್ದು ಈಗ ನನ್ನನ್ನು ಅಷ್ಟು ಕಾಡುವುದಿಲ್ಲ, ಗೊತ್ತಿಲ್ಲದವನು ಮಾಡುವ ಕೆಲಸ ಅದು. ಗೊತ್ತಾದ ಮೇಲೂ ಚಳಿಯ ಮೇಲೆ ಹಾಕಿದೆನಲ್ಲ, ಅದು ರಾತ್ರಿ ನಿದ್ದೆ ಬರುವ ಹೊತ್ತಿಗೆ ಎಬ್ಬಿಸಿ ಕೂರಿಸುತ್ತದೆ.

ಒಂದು ವಾರ ಒದ್ದಾಡಿ ಆ ಹುಡುಗನಿಗೆ ಫೋನು ಮಾಡಿದೆ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಶಾಕೇ ಇರಬೇಕು ಅನ್ನಿಸ್ತು ಅಂಕಲ್. ನೀವು ದೊಡ್ಡವರು, ಎದುರು ಹೇಗೆ ಹೇಳೋದು ಅಂತ ಬಿಟ್ಟೆ" ಎಂದ. ಇದಕ್ಕೇನು ಹೇಳಲಿ? ಮಗು ಹೇಗಿದೆ ಎಂದು ಕೇಳಿ ಇಟ್ಟೆ.

ಅಟ್ಟದಿಂದ ಹೊಸ ನ್ಯೂಟ್ರಲ್ ಇಳಿಯಿತು, ಗೋಡೆ ಒಡೆದೇ. ಅರ್ಥ್ ಗುಂಡಿ ಹೊಸದಾಯಿತು. ಮೈನಿನ ಬಳಿ 30 ಮಿಲಿ ಆಂಪಿಯರ್ ಸೋರಿದರೂ ಕಡಿಯುವ ಆರ್‌ಸಿಸಿಬಿ ಕೂತಿತು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡುವ ಕೆಲಸ ನನ್ನದು. ಇನ್ನು ಮುಂದೆ ಬಚ್ಚಲಲ್ಲಿ ಏನೇ ಹೊಸದು ಹಾಕಿಸಿದರೂ ಮೊದಲ ಸ್ನಾನವೂ ನನ್ನದೇ ಎಂದು ಮನೆಯವಳು ಕಟ್ಟಪ್ಪಣೆ ಮಾಡಿದ್ದಾಳೆ.