ಮರಕ್ಕೇಕೆ ನಾಚಿಕೆ?

ಮೊನ್ನೆ ಅಂಕೋಲೆ ಕಡೆಯ ಒಂದು ದೇವಸ್ಥಾನದಲ್ಲಿ 'ವಾಲಿವಧೆ' ತಾಳಮದ್ದಳೆ; ವೇಷವಿಲ್ಲ, ಕುಣಿತವಿಲ್ಲ, ಪದ್ಯದ ಬೆನ್ನಿಗೆ ಕೂತು ಆಡುವ ಮಾತೇ ಎಲ್ಲ. ವಾಲಿ ನಾನು. ಬಾಣ ನಾಟಿದ ಮೇಲೆ ರಾಮನನ್ನು ಕೇಳಿದೆ: "ನಿನ್ನ ಮಾತು ಬಿಡು, ನೀನು ಅಡಗಿ ನಿಂತ ಮರಕ್ಕಾದರೂ ನಾಚಿಕೆಯಾಗಲಿಲ್ಲವೇ?" ಎದುರಿನ ಹುಡುಗ ತಡವರಿಸಲಿಲ್ಲ. "ಮರಕ್ಕೇಕೆ ನಾಚಿಕೆ? ನಿನಗೆ ಹೆದರಿ ಓಡಿದ ತಮ್ಮನನ್ನು ಬಚ್ಚಿಟ್ಟು ಕಾದದ್ದೂ ಮರಗಳೇ ಅಲ್ಲವೇ?" ಎಂದುಬಿಟ್ಟ. ಮದ್ದಳೆಯವರೂ ತಲೆಯೆತ್ತಿ ನೋಡಿದರು. ಬಾಣಕ್ಕಿಂತ ಆ ಮಾತೇ ಸರಿಯಾಗಿ ನಾಟಿತು. ಸಾಯುವುದರಲ್ಲಿ ಅಷ್ಟು ಸುಖ ಉಂಟು!

ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಪದ್ಯವೂ ಗೊತ್ತು. ಮಾತು ಮಾತ್ರ ಅಲ್ಲೇ, ಆಗಲೇ ಹುಟ್ಟಬೇಕು. ನನ್ನ ಮೆಚ್ಚಿನ ಪಟ್ಟು ಒಂದೇ: ಎದುರಿನವರ ಕೊನೆಯ ಶಬ್ದ ಹಿಡಿದು ನನ್ನ ಮಾತು ಎತ್ತುವುದು. ಅವರು 'ಧರ್ಮ'ಕ್ಕೆ ನಿಲ್ಲಿಸಿದರೆ ಧರ್ಮದಿಂದ, 'ಕಪಿ' ಎಂದರೆ ಕಪಿಯಿಂದ. ಇದಕ್ಕೆ ಪಾಂಡಿತ್ಯ ಬೇಡ, ಕಿವಿ ಬೇಕು. ರಂಗನಿರ್ದೇಶಕ ಕೀತ್ ಜಾನ್‌ಸ್ಟನ್ 1979ರಲ್ಲಿ 'ಇಂಪ್ರೊ' ಪುಸ್ತಕ ಬರೆದು, ಜೊತೆಯವನು ಕೊಟ್ಟದ್ದನ್ನು ತಳ್ಳಬೇಡ, ತೆಗೆದುಕೊ ಎಂದ. ನಮ್ಮಲ್ಲಿ ಪದ್ಯ ಹಾಡುವ ಭಾಗವತರು ಅಷ್ಟನ್ನು ಒಂದು ಕಣ್ಸನ್ನೆಯಲ್ಲಿ ಹೇಳುತ್ತಾರೆ.

ಆದರೆ ಕೆಲವರಿಗೆ ಕಿವಿಯೇ ಬೇಡ. ಯೂಟ್ಯೂಬಿನಲ್ಲಿ ತಾಳಮದ್ದಳೆಯ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಿ, ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ. ಶೇಣಿಯವರು ತಮ್ಮ ಎದುರಾಳಿಗೆ ಕೊಟ್ಟ ಉತ್ತರವನ್ನು ಇವರು ನನಗೆ ಕೊಡುತ್ತಾರೆ! ಆ ಪ್ರಶ್ನೆ ನಾನು ಕೇಳಿಯೇ ಇರುವುದಿಲ್ಲ. ಇರುವ ಮೂರು ತಾಸಿನಲ್ಲಿ ಮುಕ್ಕಾಲು ತಾಸು ಪೀಠಿಕೆಗೇ ಹೋಗುತ್ತದೆ. ಇನ್ನು ಕೆಲವರು "ಇದು ಯಾವ ಕಾಂಡದ ಎಷ್ಟನೆಯ ಶ್ಲೋಕ?" ಎಂದು ಸಾಯುತ್ತಿರುವ ವಾಲಿಯನ್ನೇ ಪರೀಕ್ಷೆಗೆ ಕೂರಿಸುತ್ತಾರೆ. ಉತ್ತರ ಬಾರದಿದ್ದರೆ ಸಭೆಯ ಕಡೆ ನೋಡಿ ಒಂದು ನಗೆ. ಆ ನಗೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎದುರಿನವನ ಬಾಯಿ ಕಟ್ಟಿದ ಮೇಲೆ ಸಂವಾದ ಯಾರೊಡನೆ?

ಇಂಥವರು ಸುಗ್ಗಿಯಲ್ಲಿ ಹಾಲಕ್ಕಿ ಒಕ್ಕಲಿಗರು ವೇಷ ಹಾಕಿ ಬೀದಿಯಲ್ಲಿ ಆಡುವ ಅಣಕದಾಟ, ಹಗರಣ, ನೋಡಲಿ. ಒಮ್ಮೆ ಡಾಕ್ಟರ ವೇಷದವನೊಬ್ಬ ರಸ್ತೆ ಬದಿ ನಿಂತವನ ಎದೆಗೆ ಕರಟ ಇಟ್ಟ. ಪಾಪ, ಅವನು ಕೆಮ್ಮಿದ. "ಕೆಮ್ಮಿಗೆ ಬೇರೆ ಬಿಲ್ಲು" ಎಂದ ಡಾಕ್ಟರ. ಅವನು ಗಾಬರಿಯಾಗಿ ಇನ್ನೊಮ್ಮೆ ಕೆಮ್ಮಿದ. "ಎರಡಾಯ್ತು!" ಬರೆದುಕೊಂಡು ಬಂದವನಿಗೆ ಆ ಎರಡನೆಯ ಕೆಮ್ಮು ಕೇಳಿಸುತ್ತಿತ್ತೇ?

ಕಾರವಾರದ ಗೆಳೆಯರು ಮುಂದಿನ ಕೂಟಕ್ಕೂ ನನ್ನನ್ನು ವಾಲಿಗೇ ಕರೆದಿದ್ದಾರೆ. ರಾಮ ಯಾರಾದರೂ ಆಗಲಿ, ಚೀಟಿ ಮನೆಯಲ್ಲಿಟ್ಟು ಬರಲಿ.